ತೂತು ಮುಚ್ಚಿದ ತೋಟಾ

ವರ್ಲಿನ್ ಹಾಸ್‌ನ ರೈಫಲ್ ಆ ಬೇಸಿಗೆಯ ಮೂರು ಪಂದ್ಯಗಳಲ್ಲಿ ಕೈಕೊಟ್ಟಿತ್ತು. ಗುಂಡು ಹಾರಿದೊಡನೆ ಖಾಲಿ ತೋಟಾವನ್ನು ತಾನೇ ಹೊರಗೆಸೆದು, ಮುಂದಿನದನ್ನು ತಾನೇ ತುಂಬಿಕೊಳ್ಳಬೇಕಾದ ಬಂದೂಕು ಸರದಿಯ ನಡುವೆ ‘ಟಿಕ್’ ಎಂದು ನಿಂತುಬಿಡುತ್ತಿತ್ತು. ಅದನ್ನು ಜೋಡಿಸಿದವನು ಆರಿನ್ ಸ್ಟಕಿ. ಅಮೆರಿಕದ ಓಹಾಯೋ ರಾಜ್ಯದ ಬಯಲಿನ ರೈಫಲ್ ಕ್ಲಬ್ಬಿನ ಬಂದೂಕುಗಳನ್ನೆಲ್ಲ ರಿಪೇರಿ ಮಾಡಿ ತಲೆ ನರೆತವನು. ವರ್ಲಿನ್‌ನ ಅಕ್ಕ ಈಡಿತ್‌ಳ ಗಂಡ. ಆದ್ದರಿಂದ ರೈಫಲ್ ನಿಂತಾಗಲೆಲ್ಲ ಜನ ನೋಡುತ್ತಿದ್ದುದು ವರ್ಲಿನ್‌ನ ಮುಖವನ್ನಲ್ಲ, ಆರಿನ್‌ನ ಕೈಗಳನ್ನು.

ಆರಿನ್ ಆ ದೋಷದ ಬೆನ್ನು ಹತ್ತಿದ. ಕಾರಣಗಳನ್ನು ಒಂದೊಂದಾಗಿ ಕಳೆಯುತ್ತ ಹೋಗುವುದು ಅವನ ಕ್ರಮ. ತೋಟಾ ಕೂರುವ ಗೂಡಿನ ಮಸಿಯನ್ನು ಕೆರೆದು ತೆಗೆದ. ತೋಟಾವನ್ನು ಗೂಡಿಗೆ ತಳ್ಳುವ ಬೋಲ್ಟಿನಲ್ಲಿ ಅನಿಲ ಸೋರುತ್ತಿರಬಹುದೆಂದು ಉಂಗುರಗಳನ್ನು ಬದಲಿಸಿದ. ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪನ್ನು ಕುಟ್ಟುವ ಸೂಜಿಯ ದಾರಿಯಲ್ಲಿ ಗಟ್ಟಿಯಾಗಿದ್ದ ಎಣ್ಣೆಯ ಜಿಡ್ಡನ್ನು ತೊಳೆದ. ಕೊನೆಗೆ ಬೋಲ್ಟನ್ನು ಮುಂದೆ ತಳ್ಳುವ ಸ್ಪ್ರಿಂಗನ್ನು ಬಿಚ್ಚಿ ಅಳೆದ. ಅದು ಕೂದಲೆಳೆಯಷ್ಟೂ ಕುಗ್ಗಿರಲಿಲ್ಲ. ಆದರೂ ಹೊಸದನ್ನು ಹಾಕಿದ. ಏಕೆಂದರೆ ವರ್ಲಿನ್ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಅಕ್ಕ ಕೊಟ್ಟ ಪೀಚ್ ಹಣ್ಣಿನ ಪೈ ತಿನ್ನುತ್ತ, “ಸ್ಪ್ರಿಂಗೇ ಇರ್ಬೇಕು ಭಾವ, ನಂಗೆ ಹಾಗೇ ಅನ್ಸುತ್ತೆ” ಎಂದಿದ್ದ.

ಆರಿನ್ ಹಾರಿಸಿದಾಗ ಆ ರೈಫಲ್ ಒಮ್ಮೆಯೂ ನಿಂತದ್ದಿಲ್ಲ. ವರ್ಲಿನ್‌ನ ಒಳ್ಳೆಯ ಸರದಿಗಳಲ್ಲಿಯೂ ಅದು ನಿಂತದ್ದಿಲ್ಲ. ನಿಂತದ್ದೆಲ್ಲ ಕೆಟ್ಟ ಸರದಿಗಳಲ್ಲಿ. ಲೆಕ್ಕ ಕಣ್ಣೆದುರಿಗೇ ಇತ್ತು. ಆರಿನ್ ಅದನ್ನು ಕೂಡಿಸಿರಲಿಲ್ಲ.

ಸೆಪ್ಟೆಂಬರಿನ ಕೊನೆಯ ಪಂದ್ಯದಲ್ಲಿ ಗೆದ್ದವರಿಗೆ ರಾಜ್ಯದ ಪಂದ್ಯಕ್ಕೆ ಹೋಗುವ ತಂಡದಲ್ಲಿ ಉಳಿದಿದ್ದ ಒಂದೇ ಒಂದು ಜಾಗ ಸಿಗುವುದಿತ್ತು. ಬಂದೂಕು ತಾನಾಗಿ ಕೆಟ್ಟರೆ ಆ ಸರದಿಯನ್ನು ಹೊಸದಾಗಿ ಹಾರಿಸಬಹುದೆಂಬುದು ಹಳೆಯ ನಿಯಮ. ನಿಂತ ಬಂದೂಕನ್ನು ಆರಿನ್ ಮಾತ್ರ ತೆರೆದು ನೋಡಿ ಹೇಳಬೇಕೆಂಬುದು ಪಂದ್ಯದ ಮುಖ್ಯಸ್ಥೆ ಮ್ಯಾಕ್ಸೀನ್ ಪ್ರೂಯಿಟ್ ಆ ಬೆಳಿಗ್ಗೆ ಸೇರಿಸಿದ ಹೊಸ ನಿಯಮ. ಅದುವರೆಗೆ ವರ್ಲಿನ್ ತಾನೇ ಬೋಲ್ಟ್ ಎಳೆದು, ಸಿಕ್ಕಿದ ತೋಟಾವನ್ನು ಹುಲ್ಲಿನಲ್ಲಿ ಎಸೆದುಬಿಡುತ್ತಿದ್ದ.

“ಭಾಮೈದ ಅಂತ ನೋಡ್ಬಾರ್ದು ಆರಿನ್” ಎಂದಳು ಮ್ಯಾಕ್ಸೀನ್.

“ನನ್ನ ಸೋಲೆಲ್ಲ ನಿಮ್ಮ ರಿಪೇರಿ ಮೇಲೇ ನಿಂತಿದೆ ಕಣ್ರೀ” ಎಂದು ನಕ್ಕಳು ಥೀಡಾ ಕೋಲ್ಬ್. ಹಾಲಿನ ಟ್ಯಾಂಕರ್ ಓಡಿಸುವ ಅವಳೇ ವರ್ಲಿನ್‌ನ ಎದುರಾಳಿ. “ಇವತ್ತೂ ನಿಲ್ಲುತ್ತೆ ತಾನೆ? ಒಳ್ಳೇ ಮುದಿ ಹೇಸರಗತ್ತೆ ಥರ ಕಟ್ಟಿದೀರ ಅದನ್ನ!”

ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ವರ್ಲಿನ್. ಆರಿನ್ ನಗಲಿಲ್ಲ. ಇಂದೂ ರೈಫಲ್ ನಿಂತರೆ ತನ್ನ ಕೆಲಸಕ್ಕಿದ್ದ ಹೆಸರು ಮುಗಿಯಿತೆಂದು ಅವನಿಗೆ ಗೊತ್ತಿತ್ತು.

ಚಾಪೆಯ ಮೇಲೆ ಮಲಗಿ ವರ್ಲಿನ್ ಹಾರಿಸಿದ ಮೊದಲ ಗುಂಡುಗಳು ಗಾಳಿಗೆ ಸರಿದು ಗುರಿಯ ಅಂಚಿಗೆ ಬಿದ್ದವು. ತೋಟಾಗಳಿದ್ದ ಮ್ಯಾಗಜೀನ್ ಬದಲಿಸುವಾಗ ಅವನ ಕೈ ಸೊಂಟದ ಬಲ ಚೀಲದತ್ತ ಹೋಗಿ, ತಡೆದು, ಎಡ ಚೀಲದಿಂದ ಇನ್ನೊಂದನ್ನು ಎತ್ತಿಕೊಂಡಿತು. ಒಂದು ಗುಂಡು ಹಾರಿತು. ಆಮೇಲೆ ‘ಟಿಕ್’.

ಬಂದೂಕು ನಿಂತಿತೆಂದು ಕೈಯೆತ್ತಿದ ವರ್ಲಿನ್ ಮರುಕ್ಷಣವೇ ಬೋಲ್ಟಿನತ್ತ ಬೆರಳು ಚಾಚಿದ.

“ಕೈ ತೆಗಿ” ಎಂದ ಆರಿನ್. “ಮೂತಿ ಗುರಿ ಕಡೆಗೇ ಇರ್ಲಿ. ಗುಂಡು ತಡವಾಗಿ ಹಾರಿದ್ರೆ?”

“ಹಾರಲ್ಲ ಭಾವ, ನಾನೇ ತೆಗೀತೀನಿ.”

“ಹಾರಲ್ಲ ಅಂತ ನಿಂಗೆ ಹೇಗೆ ಗೊತ್ತು?”

ಅರ್ಧ ನಿಮಿಷ ಕಾಯಬೇಕಾದಲ್ಲಿ ಆರಿನ್ ಇಡೀ ನಿಮಿಷ ಕಾದ. ಅನಂತರ ಬೋಲ್ಟ್ ಎಳೆದ. ತೋಟಾ ಅಂಗೈಗೆ ಬಿತ್ತು. ಅದರ ಕೇಪಿನ ಮೇಲೆ ಎರಡು ಗುಳಿಗಳಿದ್ದವು. ಒಂದು ಹೊಸದು, ಆಳವಾದದ್ದು: ಸೂಜಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಇನ್ನೊಂದು ಹಳತು, ಮಂಕಾದದ್ದು. ತೋಟಾವನ್ನು ತಿರುಗಿಸಿದ. ಹಿತ್ತಾಳೆಯ ಪಕ್ಕದಲ್ಲಿ ಬೂದುಬಣ್ಣದ ಚುಕ್ಕೆ. ಉಗುರಿನಿಂದ ಕೆರೆದ. ತವರದ ಬೆಸುಗೆ.

ಅದು ಅವನೇ ಮಾಡಿದ ಸುಳ್ಳು ತೋಟಾ. ಹೊಸಬರು ಟ್ರಿಗರ್ ಒತ್ತುವಾಗ ಬೆಚ್ಚುತ್ತಾರೆಯೇ ಎಂದು ನೋಡಲು, ಮದ್ದಿಲ್ಲದ ಇಂಥವನ್ನು ನಿಜದವುಗಳ ನಡುವೆ ಬೆರೆಸುವುದು ವಾಡಿಕೆ. ಹಿಂದೊಮ್ಮೆ ಹಾರಿಸಿದ ಖಾಲಿ ತೋಟಾಕ್ಕೆ ಬರಿಯ ಗುಂಡು ಕೂರಿಸಿ, ಯಾರೂ ಮೋಸಹೋಗದಿರಲೆಂದು ಪಕ್ಕದಲ್ಲಿ ಆರಿನ್ ತೂತು ಕೊರೆಯುತ್ತಿದ್ದ. ಈ ತೂತನ್ನು ಯಾರೋ ತವರದಿಂದ ಮುಚ್ಚಿ, ಉಜ್ಜಿ ನುಣುಪು ಮಾಡಿದ್ದರು. ಮೊಮ್ಮಗಳಿಗೆ ಕಲಿಸಬೇಕೆಂದು ವರ್ಲಿನ್ ವಸಂತದಲ್ಲಿ ಒಂದು ಹಿಡಿ ಒಯ್ದಿದ್ದ.

ಆರಿನ್ ತೋಟಾ ಹಿಡಿದು ವರ್ಲಿನ್‌ನತ್ತ ಬಾಗಿದ.

“ಸ್ಪ್ರಿಂಗ್ ಅಂದ್ಬಿಡಿ ಭಾವ” ಎಂದು ಚಾಪೆಯ ಮೇಲೆ ಮಲಗಿದಂತೆಯೇ ವರ್ಲಿನ್ ಪಿಸುಗುಟ್ಟಿದ. “ಒಂದೇ ಮಾತು. ಇನ್ನೊಂದ್ ವರ್ಷಕ್ಕೆ ನನ್ನ ಕಣ್ಣಿಗೆ ಗುರಿ ಕಾಣಲ್ಲ.”

“ಚೆನ್ನಾಗಿ ಉಜ್ಜಿದೀಯ. ನನ್ನ ಬೆಂಚಿನ ಮೇಲೇ ಉಜ್ಜಿದ್ಯಾ?”

“ಅಕ್ಕನ ಮುಖ ನೋಡಿ ಭಾವ…”

“ಅವಳು ಪೈ ಮಾಡಿ ಕೊಟ್ಳು. ನೀನು ಅದನ್ನ ತಿನ್ಕೊಂಡು, ನಾನು ಗಟ್ಟಿಮುಟ್ಟಾದ ಬಂದೂಕಿಗೆ ಮದ್ದು ಮಾಡೋದನ್ನ ನೋಡ್ತಾ ಕೂತಿದ್ದೆ. ಥೂ!”

“ಏನ್ರೀ ಆರಿನ್, ಬಂದೂಕಿಂದೇ ತಪ್ಪಾ?” ಎಂದು ಮ್ಯಾಕ್ಸೀನ್ ಹತ್ತಿರ ಬಂದಳು.

“ಬಂದೂಕು ಸರಿಯಾಗಿದೆ. ಬೇಸಿಗೆಯೆಲ್ಲ ಸರಿಯಾಗೇ ಇತ್ತು.” ಚುಕ್ಕೆ ಮೇಲಾಗುವಂತೆ ತೋಟಾವನ್ನು ಅವಳ ಅಂಗೈಯಲ್ಲಿಟ್ಟ. “ತೂತು ನಂದು. ಮುಚ್ಚಿದ್ದು ನಾನಲ್ಲ.”

ಮ್ಯಾಕ್ಸೀನ್ ತೋಟಾವನ್ನು ನೋಡಿದಳು, ವರ್ಲಿನ್‌ನನ್ನು ನೋಡಿದಳು, ಅವನ ಹೆಸರನ್ನು ಹೊಡೆದುಹಾಕಿದಳು. ಜಾಗ ಥೀಡಾಳಿಗೆ ಹೋಯಿತು. ಅವಳು ಯಾವ ತಮಾಷೆಯನ್ನೂ ಮಾಡಲಿಲ್ಲ. ಹೋಗುವಾಗ ಆರಿನ್‌ನ ಮುಂದೆ ನಿಂತು, “ಹೇಸರಗತ್ತೆ ಅಂದಿದ್ದು ತಪ್ಪಾಯ್ತು” ಎಂದಳು. ಅವನು ತಲೆಯಾಡಿಸಿದ. ಸಮಾಧಾನವೇನೂ ಆಗಲಿಲ್ಲ.

ಮನೆಗೆ ಬಂದವನು ಹಳೆಯ ಸ್ಪ್ರಿಂಗನ್ನು ಡಬ್ಬಿಯಿಂದ ತೆಗೆದು ಮತ್ತೆ ಅಳೆದ. ಅದೇ ಉದ್ದ. ತಾನೇ ಅಳೆದ ಅಳತೆಯನ್ನು ಬಿಟ್ಟು, ಬಾಯಿ ತುಂಬ ಪೈ ಇಟ್ಟುಕೊಂಡವನ ಮಾತನ್ನು ನಂಬಿದ್ದ. ವರ್ಲಿನ್‌ನ ಮೇಲಿದ್ದ ಹೇಸಿಗೆ ಈಗ ತನ್ನ ಮೇಲೂ ಬಂತು.

“ವರ್ಲಿನ್ ಊಟಕ್ಕೆ ಬರ್ತಾನೆ ತಾನೆ?” ಎಂದು ಈಡಿತ್ ಅಡುಗೆಮನೆಯಿಂದ ಕೂಗಿದಳು. “ಎಷ್ಟು ತಟ್ಟೆ ಇಡ್ಲಿ?”

“ಎರಡು” ಎಂದ ಆರಿನ್.