ಮೇಸ್ತ್ರಿಗಳು ಹೋಗಲಿ, ಆಮೇಲೆ

ನಮ್ಮ ಬಾಣಲೆ ಕಾರ್ಖಾನೆಯಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ತಿಂಗಳಿಗೆ ತಲಾ ಎರಡು ಸಲಹೆ ಕೊಡಲೇಬೇಕೆಂದು ಯಜಮಾನರು ಕಟ್ಟಪ್ಪಣೆ ಮಾಡಿದ್ದರು. ಕೊಟ್ಟವರ ಹೆಸರಿನ ಮುಂದೆ, ಗೇಟಿನ ಬಳಿಯ ಹಲಗೆಯಲ್ಲಿ, ಕೆಂಪು ಕಾಗದದ ಹೂವು. ಅಂಟಿಸುವವಳು ನಾನು. ಸಲಹೆ ಡಬ್ಬಿಯ ಬೀಗದ ಕೈಯೂ ನನ್ನ ಬಳಿಯೇ ಇರುತ್ತಿತ್ತು. ಪೊರಕೆಯನ್ನು ಬಾಗಿಲ ಬಲಕ್ಕೆ ತೂಗುಹಾಕಿ; ಶೌಚಾಲಯದ ಚಪ್ಪಲಿಗಳ ಮೂತಿ ಒಳಗೆ ತಿರುಗಿಸಿಡಿ; ಮುಂದಿನ ತಿಂಗಳು ಅದೇ ಮನುಷ್ಯ, ಹೊರಗೆ ತಿರುಗಿಸಿಡಿ. ಎಲ್ಲಕ್ಕೂ ಹೂವು! ಸಾನ್ಜೋ ಊರಿನ ಕಾರ್ಖಾನೆಗಳಲ್ಲೆಲ್ಲ ನಮ್ಮ ಹಲಗೆಯೇ ಕೆಂಪು ಎಂದು ಯಜಮಾನರು ಬೀಗುತ್ತಿದ್ದರು. ಬರಬೇಕಾಗಿದ್ದ ಆ ಒಂದು ಸಲಹೆ ಮಾತ್ರ ಬರಲಿಲ್ಲ. ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ, ಸಂಕಟವೂ ಆಗುತ್ತದೆ.

ಬಾಣಲೆಗೆ ಹಿಡಿ ಕೂರಿಸುವ ವಿಭಾಗಕ್ಕೆ ಇವಾಬುಚಿ ಮೇಸ್ತ್ರಿ. ಒಂದು ಕಾಲದಲ್ಲಿ ಅಲ್ಲಿ ಹೆಂಗಸರು ಹಿಡಿಯನ್ನು ಕೈಯಲ್ಲೇ ಒತ್ತಿ ಹಿಡಿದು ರಿವೆಟ್ ಮೊಳೆ ಹೊಡೆಸುತ್ತಿದ್ದರು, ಯಂತ್ರ ಬೆರಳು ಜಜ್ಜುತ್ತಿತ್ತು. ಇವಾಬುಚಿ ಅದಕ್ಕೊಂದು ಕಬ್ಬಿಣದ ಚೌಕಟ್ಟು ಮಾಡಿದರು. ಬಾಣಲೆ ಇಟ್ಟು ಲಿವರ್ ಎಳೆದರೆ ಹಿಡಿ ಅಲುಗದೆ ನಿಲ್ಲುತ್ತಿತ್ತು. ಬೆರಳುಗಳು ಉಳಿದವು. ಆದರೆ ಆ ಲಿವರ್ ಬಲು ಬಿಗಿ. ದಿನವಿಡೀ ಎಳೆದೆಳೆದು ಹೆಂಗಸರ ಮಣಿಕಟ್ಟು ಊದಿಕೊಳ್ಳುತ್ತಿತ್ತು. ಎಲ್ಲರೂ ನೋವಿನ ಔಷಧಿ ಪಟ್ಟಿ ಅಂಟಿಸಿಕೊಳ್ಳುತ್ತಿದ್ದರು, ಮೇಸ್ತ್ರಿ ಬಂದ ಕೂಡಲೇ ಅದು ಕಾಣದಂತೆ ಅಂಗಿಯ ತೋಳು ಕೆಳಗೆಳೆದುಕೊಳ್ಳುತ್ತಿದ್ದರು.

ಅವರ ಕೈಕೆಳಗೆ ಕೆಲಸ ಕಲಿತ ಶಿಗೆನೊಗೆ ಒಂದು ವಸಂತದಲ್ಲಿ ದಾರಿ ಹೊಳೆಯಿತು. ಬಾಣಲೆಯ ಭಾರಕ್ಕೇ ಚೌಕಟ್ಟು ತಾನಾಗಿ ಬಿಗಿಯುವ ಹಾಗೆ ಮಾಡಿದರೆ ಲಿವರೇ ಬೇಡ. ಊಟದ ಹೊತ್ತಿನಲ್ಲಿ ನನಗೂ ಹಿಡಿ ಕೂರಿಸುವ ಉಮೆಜುಗೂ ಮೆಲ್ಲಗೆ ಹೇಳಿದ.

"ಮತ್ತೇನು, ಡಬ್ಬಿಗೆ ಹಾಕಯ್ಯ," ಅಂದೆ.

"ಹೇಗೆ ಹಾಕ್ಲಿ ಅಕ್ಕ? ನನ್ನ ಮದುವೇಲಿ ಮನೆ ಹಿರಿಯರ ಹಾಗೆ ಮಧ್ಯಸ್ಥರಾಗಿ ಪಕ್ಕದಲ್ಲಿ ಕೂತವರು ಅವರು. ಅವರ ಚೌಕಟ್ಟನ್ನ ಗುಜರಿಗೆ ಹಾಕಿ ಅಂತ ನಾನೇ ಬರೀಲಾ? ಬರೋ ಮಾರ್ಚಿಗೆ ನಿವೃತ್ತಿ ಆಗ್ತಾರೆ. ಮೇಸ್ತ್ರಿಗಳು ಹೋಗಲಿ, ಆಮೇಲೆ."

"ಅಲ್ಲೀವರೆಗೂ ಇವರ ಕೈ ಏನಾಗಬೇಕು?"

"ನಮ್ಮ ಕೈಗೇನು ಧಾಡಿ?" ಎಂದು ಉಮೆಜು ನನ್ನ ಮೇಲೇ ಹರಿಹಾಯ್ದಳು. "ಗಂಡನಿಗೆ ಎರಡೇಟು ಬಿಗಿಯೋ ಶಕ್ತಿ ಇನ್ನೂ ಇದೆ. ಆ ಹಿರಿಯರು ಮರ್ಯಾದೆಯಿಂದ ಮನೆಗೆ ಹೋಗ್ಲಿ, ನೀವು ಸುಮ್ನಿರಿ."

ಯಾರೂ ಸಭೆ ಸೇರಲಿಲ್ಲ, ಯಾರೂ ತೀರ್ಮಾನ ಮಾಡಲಿಲ್ಲ. ಆದರೂ ಕೆಲವೇ ದಿನಗಳಲ್ಲಿ ಇಡೀ ಕಾರ್ಖಾನೆಗೆ ವಿಷಯ ಗೊತ್ತಾಗಿ, ಇಡೀ ಕಾರ್ಖಾನೆ ಬಾಯಿಗೆ ಬೀಗ ಹಾಕಿಕೊಂಡಿತು. ಗೊತ್ತಿಲ್ಲದವರು ಇವಾಬುಚಿ ಒಬ್ಬರೇ.

ಅವರು ತಿಂಗಳ ಕೊನೆಗೆ ತಪ್ಪದೆ ನನ್ನ ಮೇಜಿನ ಬಳಿ ಬರುತ್ತಿದ್ದರು. "ಹಸುಮಿ-ಸಾನ್, ನಮ್ಮ ವಿಭಾಗದಿಂದ ಏನು ಬಂತು?"

"ಪೊರಕೆಗೆ ಹೊಸ ಕೊಕ್ಕೆ ಬೇಕಂತೆ."

"ಚೌಕಟ್ಟಿನ ಬಗ್ಗೆ?"

"ಏನೂ ಇಲ್ಲ."

"ಹ್ಞೂಂ," ಎಂದು ಹೊರಟುಬಿಡುತ್ತಿದ್ದರು. ತಮ್ಮ ಕೆಲಸಕ್ಕೆ ಯಾರೂ ಹುಳುಕು ಹುಡುಕಲಿಲ್ಲವೆಂದು ಮುದುಕರಿಗೆ ನೆಮ್ಮದಿ ಎಂದೇ ನಾವೆಲ್ಲ ತಿಳಿದಿದ್ದೆವು.

ಅವರ ಕೊನೆಯ ದಿನ ಶನಿವಾರ, ಅರ್ಧ ದಿನದ ಕೆಲಸ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎಲ್ಲರಿಗೂ ಸುಶಿ ಡಬ್ಬಿ, ಅವರಿಗೊಂದು ಹೂಗುಚ್ಛ. ಯಜಮಾನರು ಚೌಕಟ್ಟನ್ನು ಹಾಡಿ ಹೊಗಳಿದರು. "ಇಷ್ಟು ವರ್ಷವಾದರೂ ಅದಕ್ಕೊಂದು ತಿದ್ದುಪಡಿ ಬೇಕಾಗಲಿಲ್ಲ!" ಜೋರು ಚಪ್ಪಾಳೆ. ಇವಾಬುಚಿ ಎದ್ದು ನಿಂತರು.

"ಆ ಲಿವರ್ ಬಿಗಿ ಅಂತ ನಂಗೊತ್ತು," ಅಂದರು. "ಪಟ್ಟೀನ ತೋಳೊಳಗೆ ಮುಚ್ಚಿಟ್ರೆ ಅದರ ವಾಸನೆ ಮುಚ್ಚುತ್ತೇನ್ರಮ್ಮ? ಕೇಳಿದ್ರೆ ಎಲ್ಲಾ ಚೆನ್ನಾಗಿದೆ ಅಂತೀರಿ. ಮನೇಲಿ ಕೂತು ನಾನೇ ತಿದ್ದೋಕೆ ನೋಡಿದೆ, ತಲೆ ಓಡಲಿಲ್ಲ. ನನ್ನ ಕೈಲಿ ಕಲಿತ ಒಬ್ಬನಾದ್ರೂ ಬಂದು, ಮೇಸ್ತ್ರಿ, ನಿಮ್ಮ ಈ ಹಳೇ ಕಬ್ಬಿಣ ಕಿತ್ತಾಕಿ ಅಂತಾನೇನೋ ಅಂತ ತಿಂಗಳು ತಿಂಗಳೂ ಹೋಗಿ ಕೇಳ್ತಿದ್ದೆ. ಯಾರೂ ಅನ್ನಲಿಲ್ಲ. ಅಂದ್ಮೇಲೆ ನಾನು ಯಾರಿಗೂ ಏನೂ ಕಲಿಸಲಿಲ್ಲ ಅಂತಾಯ್ತು. ಕ್ಷಮಿಸಿ." ಹೆಂಗಸರ ಮೇಜಿನತ್ತ ತಿರುಗಿ ಸೊಂಟ ಬಾಗಿಸಿ ವಂದಿಸಿದರು.

ಶಿಗೆನೊ ಬಿಳಿಚಿಕೊಂಡಿದ್ದ. ನಾನು ಮೇಜಿನ ಕೆಳಗೆ ಅವನ ಕಾಲಿಗೆ ಒದ್ದೆ, ಬಲವಾಗಿಯೇ. ಅವನು ಎದ್ದು ಹೋಗಿ ಅವರ ಪಕ್ಕ ಕುಳಿತ.

"ಮೇಸ್ತ್ರಿಗಳೇ, ಒಂದು ದಾರಿ ಇದೆ." ಎರಡು ಚಾಪ್‌ಸ್ಟಿಕ್ಕನ್ನು ಕತ್ತರಿಯ ಹಾಗೆ ಅಡ್ಡಡ್ಡ ಹಿಡಿದು, ಮೇಲೆ ಸುಶಿ ಡಬ್ಬಿಯ ಮುಚ್ಚಳವಿಟ್ಟು ತೋರಿಸಿದ. ಭಾರ ಬಿದ್ದ ಕೂಡಲೇ ಎರಡೂ ಕಡ್ಡಿ ಒಳಕ್ಕೆ ಬಿಗಿದವು.

ಇವಾಬುಚಿ ಕನ್ನಡಕ ಏರಿಸಿದರು. "ಎಲ್ಲಿ, ಇನ್ನೊಂದ್ಸಲ." ತಾವೇ ಇಸಿದುಕೊಂಡರು. "ಅಯ್ಯೋ ಪುಣ್ಯಾತ್ಮ! ಇದು ನನಗ್ಯಾಕೆ ಹೊಳೀಲಿಲ್ಲ? ಆದ್ರೆ ಸಣ್ಣ ಬಾಣಲೆ ಇಟ್ರೆ ಇಲ್ಲಿ ಜಾರುತ್ತೆ ಕಣೋ. ಇಲ್ಲೊಂದು ಚಡಿ ಬೇಕು. ಜಾಸ್ತಿ ಆಳ ಬೇಡ, ಅದನ್ನ ಇಟ್ಟು ನೋಡ್ತಾ ನೋಡ್ತಾ ಅರದಲ್ಲಿ ಉಜ್ಜಬೇಕು." ತಲೆಗೆ ತಲೆ ತಾಗಿಸಿ ಕುಳಿತಿದ್ದರು ಇಬ್ಬರೂ. ಮೇಸ್ತ್ರಿಗಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. "ಯಾವಾಗ ಹೊಳೀತೋ ಇದು? ನಿನ್ನೆನಾ?"

ಶಿಗೆನೊ ತಲೆ ತಗ್ಗಿಸಿದ. "ಹೋದ ವಸಂತದಲ್ಲಿ. ನಿಮಗೆ ಬೇಜಾರಾಗುತ್ತೆ ಅಂತ..."

ಇವಾಬುಚಿ ಕಡ್ಡಿಗಳನ್ನು ಮೆಲ್ಲಗೆ ಕೆಳಗಿಟ್ಟರು. "ಒಂದು ವರ್ಷ," ಅಂದರು. "ಒಂದು ವರ್ಷ ಇಬ್ಬರೂ ಸೇರಿ ಮಾಡಬಹುದಿತ್ತಲ್ಲೋ."

ಆಮೇಲೆ ಯಜಮಾನರ ಕಡೆ ತಿರುಗಿ, ಮಗುವಿನ ಹಾಗೆ ಕೇಳಿದರು: "ಸೋಮವಾರ ಸ್ವಲ್ಪ ಹೊತ್ತು ಒಳಗೆ ಬರಲಾ? ಆ ಚಡಿ ಒಂದು..."

"ಛೆ ಛೆ, ಎಲ್ಲಾದರೂ ಉಂಟೆ!" ಯಜಮಾನರು ಎರಡೂ ಕೈ ಅಲ್ಲಾಡಿಸಿದರು. "ಇಷ್ಟು ವರ್ಷ ದುಡಿದವರನ್ನ ಮತ್ತೆ ದುಡಿಸಿದ್ರೆ ನಮಗೆ ಶೋಭೆಯೇ? ಹಾಯಾಗಿ ವಿಶ್ರಾಂತಿ ತಗೊಳ್ಳಿ." ಎಲ್ಲರೂ ಹೌದು ಹೌದೆಂದರು, ಮತ್ತೆ ಚಪ್ಪಾಳೆ ತಟ್ಟಿದರು. ಇವಾಬುಚಿ ವಂದಿಸಿ, ಹೂಗುಚ್ಛ ಎತ್ತಿಕೊಂಡು ಮನೆಗೆ ಹೋದರು.

ಸೋಮವಾರ ಶಿಗೆನೊ ಲಿವರ್ ಬಿಚ್ಚಿ, ಭಾರಕ್ಕೇ ಬಿಗಿಯುವ ಹಾಗೆ ಚೌಕಟ್ಟನ್ನು ಬದಲಿಸಿದ. ದೊಡ್ಡ ಬಾಣಲೆಗಳು ಸರಿಯಾಗಿ ಕುಳಿತವು, ಸಣ್ಣವು ಮೇಸ್ತ್ರಿಗಳು ಹೇಳಿದ ಜಾಗದಲ್ಲೇ ಜಾರಿದವು. ಚಡಿ ಎಷ್ಟು ಆಳ ಉಜ್ಜಬೇಕೆಂದು ತಿಳಿಯದೆ ವಾರವಿಡೀ ಒದ್ದಾಡಿದ.

"ಫೋನ್ ಮಾಡಿ ಕೇಳಬಾರದೇನೋ?" ಎಂದು ರೇಗಿದೆ. "ಇಲ್ಲೇ ಸೇತುವೆ ಆಚೆ ಮನೆ ಅವರದು."

ಶಿಗೆನೊ ಕೈ ಒರೆಸಿಕೊಂಡ. "ವಿಶ್ರಾಂತಿಯಲ್ಲಿ ಇರೋರಿಗೆ ಯಾಕಕ್ಕ ತೊಂದರೆ ಕೊಡೋದು?" ಅಂದ.