ಗೆರೆ ಬಿದ್ದ ಪೈಜಾಮ

ಒಂದು ಪೈಜಾಮ ತೊಟ್ಟು ನಾನು ಈ ಇಡೀ ಪಟ್ಟಣವನ್ನು ಇಪ್ಪತ್ತು ನಿಮಿಷ ನಿಲ್ಲಿಸಿದ್ದೇನೆ. ಬಸ್ಸುಗಳು ನಿಂತವು, ಅದೇನು ದೊಡ್ಡದಲ್ಲ, ಅವು ಸುಮ್ಮಸುಮ್ಮನೆಯೂ ನಿಲ್ಲುತ್ತವೆ. ಗೋಪುರದ ಗಡಿಯಾರದ ಮುಳ್ಳು ನಿಂತಿತು. ಹಾರುತ್ತಿದ್ದ ಪಾರಿವಾಳಗಳು ರೆಕ್ಕೆ ಬಡಿಯುವುದನ್ನೇ ಮರೆತು ಗಾಳಿಯಲ್ಲಿ ನಿಂತು ನನ್ನ ಕಾಲುಗಳನ್ನು ನೋಡಿದವು. ನಂಬದವರು ಪಾರಿವಾಳಗಳನ್ನೇ ಕೇಳಿಕೊಳ್ಳಬಹುದು.

ನನ್ನ ಕಸುಬು ಇಸ್ತ್ರಿ. ಮೂವತ್ತೊಂದು ವರ್ಷದಿಂದ ಅದೇ ಅಂಗಡಿ, ಅದೇ ಮೇಜು. ಪ್ಯಾಂಟಿಗೆ ನಾನು ಹಾಕಿದ ಗೆರೆಯಲ್ಲಿ ಸೌತೆಕಾಯಿ ಹೆಚ್ಚಬಹುದು. ಒಬ್ಬ ವಕೀಲರು ಕಾಲ ಮೇಲೆ ಕಾಲು ಹಾಕಲು ಹೋಗಿ ತಮ್ಮ ಮಂಡಿಯನ್ನೇ ಕೊಯ್ದುಕೊಂಡಿದ್ದರು. ನನ್ನ ಮೇಜಿನ ಮುಂದೆ ಐದು ನಿಮಿಷ ನಿಂತ ಗಿರಾಕಿಯ ಹಣೆಯ ಸುಕ್ಕು ಮಾಯವಾದದ್ದೂ ಉಂಟು. ಕೈಗೆ ಅಷ್ಟು ಅಭ್ಯಾಸ. ಮನೆಯಲ್ಲಿ ಟವೆಲ್ಲು, ದಿಂಬಿನ ಚೀಲ, ನೆಲ ಒರೆಸುವ ಬಟ್ಟೆ, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಇಸ್ತ್ರಿ. ಬೆಳಗಿನ ಪೇಪರನ್ನೂ ಒಮ್ಮೆ ಒತ್ತಿಯೇ ಓದುವವನು ನಾನು. ಈ ಅಭ್ಯಾಸದ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ನನಗೊಬ್ಬಳು ಅಕ್ಕ. ಪಟ್ಟಣದ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳನ್ನು ಹೊಲಿದು, ಅಂಟಿಸಿ, ರಟ್ಟು ಕಟ್ಟುವವಳು. ಓದುಗರೆಲ್ಲ ಅವಳನ್ನು ಗೋಂದಕ್ಕ ಎನ್ನುತ್ತಾರೆ. ಅವಳ ಬೆರಳಿನಲ್ಲಿ ಯಾವಾಗಲೂ ಒಣಗಿದ ಗೋಂದು. ಮೂವತ್ತು ವರ್ಷದಿಂದ ಅವಳ ಕೈಕುಲುಕಿದವರು ಯಾರೂ ಪೂರ್ತಿ ಬಿಡಿಸಿಕೊಂಡು ಹೋಗಿಲ್ಲ.

ಹೋದ ವರ್ಷ ಅವಳ ಬಲ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ಎರಡು ತಿಂಗಳು ರಜೆ. ಮಂಡಿ ಕುಂಬಳಕಾಯಿಯಾಗಿ ಊದಿತ್ತು. ಅದರ ಮೇಲೆ ಬ್ಯಾಂಡೇಜು, ಬ್ಯಾಂಡೇಜಿನ ಮೇಲೆ ಕಬ್ಬಿಣದ ಕೊಂಡಿಗಳಿದ್ದ ಪಟ್ಟಿ. ಪ್ಯಾಂಟು ತೊಡೆ ದಾಟುತ್ತಿರಲಿಲ್ಲ. ಲಂಗ ಹಾಕಿದರೆ ಕೊಂಡಿಗಳಿಗೆ ಸಿಕ್ಕಿಕೊಂಡು ಹೆಜ್ಜೆಗೊಂದು ಸಲ ಎಳೆಯುತ್ತಿತ್ತು. ಒಗ್ಗಿದ್ದು ಒಂದೇ: ಬೂದು ಬಣ್ಣದ, ಅಗಲ ಕಾಲಿನ, ಲಾಡಿ ಕಟ್ಟುವ ಪೈಜಾಮ. ನಮ್ಮ ಬೀದಿಯ ದರ್ಜಿ ಒಂದೇ ಥಾನಿನ ಬಟ್ಟೆಯಲ್ಲಿ ಅವಳಿಗೊಂದು, ನನಗೊಂದು ಹೊಲಿದು ಕೊಟ್ಟಿದ್ದ.

ಅಷ್ಟರಲ್ಲಿ ಗ್ರಂಥಾಲಯಕ್ಕೆ ಹೊಸ ಮುಖ್ಯಸ್ಥರು ಬಂದರು. ಅಂಗಿಯನ್ನು ಕುತ್ತಿಗೆಯ ಗುಂಡಿಯವರೆಗೂ ಬಿಗಿಯುವ ಮನುಷ್ಯ. ಉಸಿರಾಡುವುದು ಕಿವಿಯಿಂದ ಎಂದು ನನ್ನ ಅನುಮಾನ. ಬಂದ ಮೊದಲ ವಾರವೇ ಬಾಗಿಲಿಗೆ ಒಂದು ದಪ್ಪ ರಟ್ಟಿನ ಹಲಗೆ ನೇತುಹಾಕಿಸಿದರು: 'ಮಲಗುವ ಉಡುಪಿನಲ್ಲಿ ಬಂದವರಿಗೆ, ಓದುಗರಿರಲಿ ಸಿಬ್ಬಂದಿಯಿರಲಿ, ಪ್ರವೇಶವಿಲ್ಲ.' ಅವರ ಕಣ್ಣು ಅಕ್ಕನ ಕೋಣೆಯ ಮೇಲೂ ಇತ್ತು. ಬೆಳಕು ಚೆನ್ನಾಗಿ ಬೀಳುವ ಕೋಣೆ. ಬಂದವರನ್ನು ಕೂರಿಸಿ ಮಾತಾಡಲು ಹೇಳಿ ಮಾಡಿಸಿದ ಹಾಗಿತ್ತು. ಮನೆಗೆ ಒಂದು ಕಾಗದ ಬಂತು. ರಜೆ ಮುಗಿದ ಸೋಮವಾರ ಬೆಳಿಗ್ಗೆ ಹತ್ತರೊಳಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕದಿದ್ದರೆ ದುರಸ್ತಿ ವಿಭಾಗ ಮುಚ್ಚಲಾಗುವುದು, ಹುದ್ದೆಯೂ ಅದರೊಂದಿಗೇ ಹೋಗುವುದು.

ಅಕ್ಕ ಕಾಗದವನ್ನು ಎರಡು ಸಲ ಓದಿದಳು.

"ಹೋಗ್ತೀನಿ," ಅಂದಳು.

"ಏನು ಹಾಕ್ಕೊಂಡು ಹೋಗ್ತೀಯಾ?"

"ಹಾಕ್ಕೊಂಡಿರೋದನ್ನೇ."

"ಬಾಗಿಲಲ್ಲೇ ತಡೀತಾರೆ ಅಕ್ಕಾ."

"ಮೈ ಮುಚ್ಚಿದೆ ತಾನೆ? ಹರಿದಿದೆಯಾ? ಕೊಳೆಯಾಗಿದೆಯಾ? ಇಲ್ಲ. ಮೆತ್ತಗಿದೆ. ಮೆತ್ತಗಿರೋದು ಯಾವತ್ತಿಂದ ತಪ್ಪಾಯ್ತು?" ನನ್ನನ್ನೇ ನೋಡಿದಳು. "ನೀನೂ ನಿನ್ನದು ಹಾಕ್ಕೊಂಡು ಬಾ. ಒಬ್ಬಳೇ ಹೋದ್ರೆ ಹುಚ್ಚಿ ಅಂತಾರೆ. ಇಬ್ಬರು ಹೋದ್ರೆ ಯೋಚನೆ ಮಾಡ್ತಾರೆ."

"ಇಬ್ಬರೇನು, ನಾನೊಬ್ಬ ಇಪ್ಪತ್ತು ಜನಕ್ಕೆ ಸಮ," ಅಂದೆ. ನನ್ನ ಎದೆ ಆಗ ಎಷ್ಟು ಉಬ್ಬಿತೆಂದರೆ ಅಂಗಿಯ ಎರಡು ಗುಂಡಿ ಹಾರಿ ಗೋಡೆಗೆ ನೆಟ್ಟವು.

ಸೋಮವಾರ ಇಬ್ಬರೂ ಹೊರಟೆವು. ಅಕ್ಕ ಕೋಲೂರಿಕೊಂಡು, ಹೆಗಲಿಗೆ ದಾರ, ದಬ್ಬಳ, ಗೋಂದಿನ ಡಬ್ಬಿ ಇದ್ದ ಚೀಲ ನೇತುಹಾಕಿಕೊಂಡು. ನಾನು ಸಿಂಹದ ಹಾಗೆ. ಪಟ್ಟಣ ನಿಂತದ್ದು ಆಗಲೇ. ಪಾರಿವಾಳದ ವಿಷಯ ಹೇಳಿದ್ದೇನೆ, ಮತ್ತೆ ಹೇಳುವುದಿಲ್ಲ.

ಗ್ರಂಥಾಲಯದ ಬಾಗಿಲಲ್ಲಿ ಕಾವಲುಗಾರ. ನನ್ನ ಅಂಗಡಿಯ ಹಳೇ ಗಿರಾಕಿ. ಅಕ್ಕನ ಪೈಜಾಮ ನೋಡಿದ, ಹಲಗೆ ನೋಡಿದ, ತನ್ನ ಬೂಟು ನೋಡಿಕೊಂಡ.

"ಅಕ್ಕಾ, ನನ್ನನ್ನ ಬೈಬೇಡಿ. ಹೀಗೆ ಬಿಡೋ ಹಾಗಿಲ್ಲ."

"ನಿನ್ನನ್ಯಾಕಪ್ಪಾ ಬೈಲಿ. ಇವನನ್ನೂ ತಡಿ ಮತ್ತೆ."

ಕಾವಲುಗಾರ ನನ್ನ ಕಾಲು ನೋಡಿದ. ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ. ಆಮೇಲೆ ಸಲಾಂ ಹೊಡೆದ. "ಅಣ್ಣ ಟ್ರಿಮ್ಮಾಗಿದ್ದಾರಲ್ಲ, ಇವರನ್ನ್ಯಾಕೆ ತಡೀಲಿ? ಬನ್ನಿ ಅಣ್ಣಾ, ಬನ್ನಿ."

ಆಗ ನಾನು ನನ್ನ ಕಾಲನ್ನು ನೋಡಿಕೊಂಡೆ. ನಡುವೆ ಗೆರೆ! ಸೊಂಟದಿಂದ ಹಿಮ್ಮಡಿಯವರೆಗೆ, ದಾರ ಹಿಡಿದು ಎಳೆದ ಹಾಗೆ. ಕೈ ಅಭ್ಯಾಸ ನೋಡಿ! ಪೈಜಾಮ ಎಂಬುದನ್ನೂ ಮರೆತು ಕೈ ತಾನಾಗಿ ಇಸ್ತ್ರಿ ಮಾಡಿಬಿಟ್ಟಿತ್ತು. ಲಾಡಿ ಅಂಗಿಯ ಕೆಳಗೆ ಅಡಗಿತ್ತು. ಜಗತ್ತಿಗೆಲ್ಲ ಅದು ಬೂದು ಬಣ್ಣದ ಪ್ಯಾಂಟು. ಮೂವತ್ತೊಂದು ವರ್ಷದ ಕೀರ್ತಿ ಬೇಡದ ದಿನ ಬಂದು ಕಾಲಿಗೆ ಸುತ್ತಿಕೊಂಡಿತ್ತು.

ಅಕ್ಕ ನನ್ನ ಗೆರೆಯನ್ನು ಒಂದು ಕ್ಷಣ ನೋಡಿದಳು. ಕಾವಲುಗಾರ ನನ್ನನ್ನು ಒಳಗೆ ನೂಕಿದ. ಸರಿ, ಹುಲಿಯ ಗುಹೆಗೇ ನುಗ್ಗೋಣವೆಂದು ನಾನೂ ಮುಖ್ಯಸ್ಥರ ಕೋಣೆಯ ಕಡೆ ನಡೆದೆ.

ಅಕ್ಕ ಮೆಟ್ಟಿಲ ಮೇಲೆ ಕೂತಳು. ಊದಿದ ಕಾಲನ್ನು ನೀಳವಾಗಿ ಚಾಚಿದಳು. ಚೀಲದಿಂದ ದಬ್ಬಳ ತೆಗೆದು ದಾರಕ್ಕೆ ಮೇಣ ಉಜ್ಜಿದಳು. ಒಳಗೆ ಹೋಗುತ್ತಿದ್ದ ಒಬ್ಬ ಮೇಷ್ಟರ ಕೈಯಲ್ಲಿ ಬೆನ್ನು ಕಿತ್ತ ಪುಸ್ತಕವಿತ್ತು.

"ಏನು ಗೋಂದಕ್ಕಾ, ಇಲ್ಲಿ ಕೂತಿದ್ದೀರಾ?"

"ಒಳಗೆ ಪ್ರವೇಶ ಇಲ್ವಂತೆ ಮೇಷ್ಟ್ರೇ. ಮೆಟ್ಟಿಲ ಮೇಲೆ ಇಲ್ಲ ಅಂತ ಬರೆದಿಲ್ಲ. ಕೊಡಿ ಆ ಪುಸ್ತಕ."

ಅದು ಶುರು. ಎರಡು ತಿಂಗಳಿಂದ ಹರಿದು ಬಿದ್ದಿದ್ದ ಪುಸ್ತಕಗಳನ್ನು ಓದುಗರು ಒಳಗಿನಿಂದ ಹೊತ್ತು ತಂದರು. ಒಂದು ಸಾವಿರ ಪುಸ್ತಕ, ಕಡಿಮೆ ಎಂದರೂ. ಒಂದು ಅಟ್ಲಾಸನ್ನು ನಾಲ್ಕು ಜನ ಮಂಚದ ಹಾಗೆ ಎತ್ತಿಕೊಂಡು ಬಂದರು. ಸಾಲು ಬೀದಿಯ ತಿರುವು ದಾಟಿತು. ಗಲಾಟೆ ಕೇಳಿ ಮುಖ್ಯಸ್ಥರು ತಮ್ಮ ಕೋಣೆಯಿಂದ ಹೊರಗೆ ಬಂದರು. ಬಾಗಿಲಲ್ಲೇ ಸಿಕ್ಕಿದ ನನ್ನ ತೋಳು ಹಿಡಿದು ಮೆಟ್ಟಿಲ ಮೇಲೆ ತಂದು ನಿಲ್ಲಿಸಿದರು.

"ಇದೇನಿದು ಸಂತೆ? ಇಲ್ಲಿ ನೋಡಿ," ಎಂದರು ಅಕ್ಕನಿಗೆ, "ಇವರು ನಿಮ್ಮ ತಮ್ಮ ತಾನೆ? ನೋಡಿ ಕಲೀರಿ. ಎಷ್ಟು ಸಭ್ಯವಾಗಿ ಬಂದಿದ್ದಾರೆ. ಬಟ್ಟೆ ಅಂದ್ರೆ ಹೀಗಿರಬೇಕು. ಎಲ್ಲರೂ ನಿಮ್ಮ ಹಾಗೆ ಹಾಸಿಗೆಯಿಂದ ಎದ್ದು ಬಂದ್ರೆ ಏನು ಗತಿ?"

ಗಡಿಯಾರದಲ್ಲಿ ಹತ್ತಕ್ಕೆ ಆರು ನಿಮಿಷ. ಹಾಜರಿ ಪುಸ್ತಕ ಒಳಗೆ, ಅಕ್ಕ ಹೊರಗೆ.

ಆಗ ನಾನು ಗರ್ಜಿಸಿದೆ. ಕಿಟಕಿ ಗಾಜು ಬಿರುಕು ಬಿಟ್ಟಿತು. ಎಡಗೈಯಲ್ಲಿ ಅಂಗಿ ಎತ್ತಿ, ಬಲಗೈಯಲ್ಲಿ ಲಾಡಿ ಹಿಡಿದು ಹೊರಗೆ ಎಳೆದೆ. ಒಂದು ಗೇಣು ಉದ್ದದ ಬಿಳಿ ಲಾಡಿ ಎಲ್ಲರ ಎದುರು ಜೋತಾಡಿತು.

"ಇದೇನು ಸಾಹೇಬ್ರೇ? ಇದು ಪ್ಯಾಂಟಾ? ಎರಡೂ ಒಂದೇ ಥಾನಿನ ಬಟ್ಟೆ, ಮುಟ್ಟಿ ನೋಡಿ. ಒಬ್ಬನೇ ದರ್ಜಿ ಹೊಲಿದದ್ದು. ಇದು ಸಭ್ಯ, ಅದು ಅಸಭ್ಯ ಆಗಿದ್ದು ಹೇಗೆ? ಇಸ್ತ್ರಿ ಪೆಟ್ಟಿಗೆಯಿಂದಲಾ? ಹಾಗಾದ್ರೆ ನಿಮ್ಮ ಮರ್ಯಾದೆ ಎಲ್ಲ ಒಂದು ಹಿಡಿ ಬಿಸಿ ಅಷ್ಟೇನಾ?"

ಮೇಷ್ಟರು ಮೊದಲು ನಕ್ಕರು. ಆಮೇಲೆ ಸಾಲಿಗೆ ಸಾಲೇ ನಕ್ಕಿತು. ಮುಖ್ಯಸ್ಥರು ಬಗ್ಗಿ ನನ್ನ ಕಾಲು ನೋಡಿದರು, ಅಕ್ಕನ ಕಾಲು ನೋಡಿದರು. ಕುತ್ತಿಗೆಯ ಗುಂಡಿಯ ಮೇಲೆ ಮುಖ ಕೆಂಪಾಯಿತು.

"ಹಾಗಿದ್ರೆ ಅದನ್ನೂ ಇಸ್ತ್ರಿ ಮಾಡಿಸ್ಕೊಂಡು ಬನ್ನಿ. ಆಮೇಲೆ ನೋಡೋಣ."

"ಮಾಡಿಸಲ್ಲ," ಅಂದಳು ಅಕ್ಕ. "ಪುಸ್ತಕ ಹೊಲಿಯೋದು ಕೈ. ಕಾಲಿನ ಗೆರೆ ಅಲ್ಲ. ನೋವಿರೋ ಕಾಲು ಮೆತ್ತಗಿರೋದನ್ನ ಕೇಳ್ತು, ಕೊಟ್ಟಾಯ್ತು. ಅದನ್ನ ಮುಚ್ಚಿಟ್ಟುಕೊಂಡು ಒಳಗೆ ಬರೋ ಅಗತ್ಯ ಇಲ್ಲ."

ಕಾವಲುಗಾರ ಯಾವಾಗ ಒಳಗೆ ಹೋದನೋ ಗೊತ್ತಿಲ್ಲ. ಹಾಜರಿ ಪುಸ್ತಕ ತಂದು ಅಕ್ಕನ ತೊಡೆಯ ಮೇಲೆ ತೆರೆದಿಟ್ಟ. "ಪುಸ್ತಕದ ಬೆನ್ನು ಸಡಿಲ ಆಗಿದೆ ಸಾರ್," ಅಂದ ಮುಖ್ಯಸ್ಥರಿಗೆ, "ದುರಸ್ತಿಗೆ ತಂದೆ." ಹತ್ತಕ್ಕೆ ಎರಡು ನಿಮಿಷ ಇರುವಾಗ ಅಕ್ಕ ಸಹಿ ಹಾಕಿದಳು. ಆಮೇಲೆ ಬೆನ್ನಿಗೆ ಗೋಂದನ್ನೂ ಹಚ್ಚಿದಳು.

"ಇವತ್ತೊಂದು ದಿನ," ಎಂದರು ಮುಖ್ಯಸ್ಥರು.

"ಮಂಡಿ ಇಳಿಯೋವರೆಗೂ," ಅಂದಳು ಅಕ್ಕ, ಕೋಲೂರಿ ಏಳುತ್ತ. "ಇಳಿದ ಮೇಲೆ ನನ್ನಿಷ್ಟ."

ಬಾಗಿಲು ತೆರೆಯಿತು. ಮರುದಿನ ನಾನೂರು ಜನ ಪೈಜಾಮದಲ್ಲಿ ಓದಲು ಬಂದರು. ಹಲಗೆ ತಾನಾಗಿಯೇ ಕಳಚಿ ಬಿತ್ತು. ನನಗೊಂದು ಪ್ರತಿಮೆ ಮಾಡಿಸುವ ಮಾತೂ ನಡೆದಿತ್ತು. ಪೈಜಾಮದ ಮಡಿಕೆ ಕಲ್ಲಿನಲ್ಲಿ ಬರುವುದಿಲ್ಲವೆಂದು ಶಿಲ್ಪಿ ಕೈಚೆಲ್ಲಿದ.

ಇಷ್ಟನ್ನು ಬರೆದು, ಹಾಳೆಗಳನ್ನು ಹೊಲಿದು ರಟ್ಟು ಕಟ್ಟಿಕೊಡು ಎಂದು ಈ ಮಧ್ಯಾಹ್ನ ಅಕ್ಕನ ಕೋಣೆಗೆ ತಂದೆ. ಅವಳ ಮಂಡಿ ಇಳಿದು ತಿಂಗಳುಗಳಾಗಿವೆ. ಇವತ್ತೂ ಪೈಜಾಮದಲ್ಲೇ ಇದ್ದಾಳೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಓದುತ್ತ ಎರಡು ಸಲ ನಕ್ಕಳು. ಕೊನೆಗೆ ಹಾಳೆಗಳನ್ನು ನನ್ನ ಕಡೆಗೇ ತಳ್ಳಿದಳು.

"ಹೊಲಿಯಲ್ಲ."

"ಯಾಕಕ್ಕಾ? ನಾನೂರು ಜನ ಜಾಸ್ತಿ ಆಯ್ತಾ? ಮೂವರು ಅಂತ ತಿದ್ದಲಾ?"

"ನಾನೂರು ಇರಲಿ. ಸಾವಿರ ಪುಸ್ತಕಾನೂ ಇರಲಿ. ಲಾಡಿ ಎಳೆದದ್ದು ಯಾರೋ?"

ನಾನು ಹಾಳೆಗಳ ಸುಕ್ಕನ್ನು ಅಂಗೈಯಿಂದ ಒತ್ತತೊಡಗಿದೆ.

"ಆ ಮಾತೆಲ್ಲ ಆಡಿದ್ದು ಯಾರು?"

"ಅಕ್ಕಾ, ಕಥೆ ಅಂದ್ಮೇಲೆ ಒಂದಿಷ್ಟು..."

"ಮತ್ತೆ ಆ ಕೈ ಅಭ್ಯಾಸ." ಅವಳು ಕನ್ನಡಕ ತೆಗೆದಳು. "ನಿನ್ನ ಮಂಡಿ ಹತ್ರ ಬಟ್ಟೆ ಇನ್ನೂ ಒದ್ದೆ ಇತ್ತು ಕಣೋ. ಅಭ್ಯಾಸದಲ್ಲಿ ಒತ್ತೋನು ನೀರು ಚಿಮುಕಿಸಿ, ಗೆರೆ ಕೂರೋವರೆಗೂ ಕಾದು ಒತ್ತುತ್ತಾನಾ? ನಾನು ಅವತ್ತೇ ನೋಡಿದ್ದೆ. ಬರಿ, ಇಲ್ಲೇ ಕೂತು ಬರಿ. ಆಮೇಲೆ ದಬ್ಬಳ ಹಿಡೀತೀನಿ."

ಅದಕ್ಕೇ ಬರೆಯುತ್ತಿದ್ದೇನೆ.

ಆ ಸೋಮವಾರ ಬೆಳಿಗ್ಗೆ ಪೈಜಾಮ ತೊಟ್ಟು ಬಾಗಿಲವರೆಗೆ ಹೋದೆ. ಎದುರುಮನೆಯಾಕೆ ಗಿಡಕ್ಕೆ ನೀರು ಹಾಕುತ್ತಿದ್ದಳು. ನನ್ನನ್ನು ನೋಡಲೂ ಇಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನ ಹಾಗೆ ನಾನು ಅಂಗಿಯನ್ನು ಕೆಳಗೆ ಎಳೆದುಕೊಂಡು ಒಳಗೆ ಓಡಿದೆ. ಪೈಜಾಮ ಬಿಚ್ಚಿ ಮೇಜಿನ ಮೇಲೆ ಹಾಸಿದೆ. ಪೆಟ್ಟಿಗೆ ಕಾಯಿಸಿ, ನೀರು ಚಿಮುಕಿಸಿ, ಬೇಕಂತಲೇ ಗೆರೆ ಹಾಕಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು: ಅಕ್ಕನಿಗೆ ಪೈಜಾಮ, ಬೀದಿಗೆ ಪ್ಯಾಂಟು. ಇಬ್ಬರಾದರೆ ಯೋಚನೆ ಮಾಡುತ್ತಾರೆ ಎಂದಿದ್ದಳು. ಅವಳನ್ನು ಒಬ್ಬಳೇ ಮಾಡಿದವನು ನಾನು.

ಕಾವಲುಗಾರ ನೂಕಲಿಲ್ಲ, ನಾನೇ ಒಳಗೆ ಹೋದೆ. ಹುಲಿಯ ಗುಹೆಗಲ್ಲ, ಪೇಪರು ಓದುವ ಮೇಜಿಗೆ. ಮುಖ್ಯಸ್ಥರು ಹಿಡಿದದ್ದು ಅಲ್ಲಿ. ಮೆಟ್ಟಿಲ ಮೇಲೆ ನನ್ನನ್ನು ಹೊಗಳುವಾಗ ನಾನು ಗರ್ಜಿಸಲಿಲ್ಲ. ಸ್ವಲ್ಪ ನೆಟ್ಟಗೆ ನಿಂತೆ. ಅಕ್ಕ ಕೂತಲ್ಲಿಂದಲೇ ಕೋಲು ಚಾಚಿ ನನ್ನ ಅಂಗಿ ಎತ್ತಿದಳು, ಕೋಲಿನ ತುದಿಯಲ್ಲೇ ಲಾಡಿಯನ್ನು ಹೊರಗೆಳೆದಳು. ಮಾತೆಲ್ಲ ಅವಳದು, ಒಂದಕ್ಷರ ಬಿಡದೆ. ಇಸ್ತ್ರಿ ಮಾಡಿಸಿಕೊಂಡು ಬನ್ನಿ ಎಂದು ಮುಖ್ಯಸ್ಥರು ಅಂದಾಗ ನಾನು ಬಾಯಿ ಬಿಟ್ಟದ್ದು ಒಂದೇ ಸಲ: "ಹತ್ತು ನಿಮಿಷ ಕೊಡಿ ಸಾರ್, ಅಂಗಡಿ ಇಲ್ಲೇ ಪಕ್ಕ."

"ಮಾಡಿಸಲ್ಲ" ಎಂದು ಅವಳು ಅಂದದ್ದು ನಿಜವೇ. ಅದನ್ನು ಅವಳು ಹೇಳಿದ್ದು ಮುಖ್ಯಸ್ಥರನ್ನು ನೋಡಿಕೊಂಡಲ್ಲ, ನನ್ನನ್ನು ನೋಡಿಕೊಂಡು.

ಅಕ್ಕ ಈ ಹಾಳೆಯನ್ನೂ ಓದಿ, ದಬ್ಬಳಕ್ಕೆ ದಾರ ಪೋಣಿಸಿದಳು. ರಟ್ಟಿಗಾಗಿ ಮೇಜಿನ ಕೆಳಗಿನಿಂದ ಒಂದು ಹಳೇ ಹಲಗೆ ಎಳೆದಳು. 'ಮಲಗುವ ಉಡುಪಿನಲ್ಲಿ' ಎಂಬಷ್ಟು ಅಕ್ಷರ ಇನ್ನೂ ಕಾಣುತ್ತಿತ್ತು. ಅದು ತಾನಾಗಿ ಕಳಚಿ ಬಿದ್ದದ್ದಲ್ಲ, ಅವಳೇ ಬಿಚ್ಚಿದ್ದು.

"ಇನ್ನೊಂದು ಬಾಕಿ ಇದೆ," ಅಂದಳು. "ಪಾರಿವಾಳ?"

"ಹಾರ್ತಾನೇ ಇದ್ವು ಅಕ್ಕಾ," ಅಂದೆ.