ಮಡುವಿನ ಕಂಬಳಿ

ಮೂರು ಮಳೆಗಾಲ ನಾನು ಹುಲುಗಣ್ಣನ ಪಾಳಿಗಾಗಿ ಹಲ್ಲು ಕಚ್ಚಿಕೊಂಡು ಕಾದೆ. ಅವನು ನನ್ನ ಗಂಡ ಜಂಬಯ್ಯನ ಸೋದರಮಾವ, ಮೈಲಾರಲಿಂಗನ ಗುಡಿಯ ಪೂಜಾರಿ, ಊರಿಗೆಲ್ಲ ದೊಡ್ಡ ಮನುಷ್ಯ. ನನ್ನ ಪಾಲಿಗೆ ಕಳ್ಳ. ಅವನ ಕೈಯಿಂದ ಭಂಡಾರದ ಅರಿಶಿನ ಹಚ್ಚಿಸಿಕೊಳ್ಳುವಾಗಲೆಲ್ಲ ನನ್ನ ಹಣೆ ಉರಿಯುತ್ತಿತ್ತು.

ನಮ್ಮೂರು ಮಾಗಳದಿಂದ ದೂರವೇನಿಲ್ಲ. ಊರ ಹಿಂದಿನ ಹಳ್ಳ ತುಂಗಭದ್ರೆಗೆ ಸೇರುವ ಮುಂಚೆ ಬಂಡೆಗಳ ನಡುವೆ ಒಂದು ಮಡುವಾಗಿ ನಿಲ್ಲುತ್ತದೆ. ಮುಂಗಾರಿನ ಮಿರಗದ ಮಳೆಗೆ ಕೆಂಪು ನೀರು ಬಂತೆಂದರೆ ಹೊಳೆಯ ಮೀನುಗಳು ಮೊಟ್ಟೆಯಿಡಲು ಹಳ್ಳ ಏರುತ್ತವೆ, ಮಡುವಿನಲ್ಲಿ ದಣಿವಾರಿಸಿಕೊಳ್ಳುತ್ತವೆ. ಆಗ ಬಲೆ ಇಲ್ಲ, ಗಾಳ ಇಲ್ಲ. ಮನೆಗೊಂದು ಪಾಳಿಯಂತೆ ಊರೇ ಕಾಯುತ್ತದೆ. ಪಾಳಿಯವರ ಹೆಗಲ ಮೇಲೆ ಗುಡಿಯ ಕಂಬಳಿ, ಕೈಯಲ್ಲಿ ಗುಡಿಯ ಬೆತ್ತ. ಮುಂದಿನ ಪಾಳಿಯವರು ಬರುವ ತನಕ ಅವರು ದಂಡೆ ಬಿಡಬಾರದು. ಅವರು ಯಾರಿಗೆ ಹೊಡೆದರೂ ತಿರುಗಿ ಕೈ ಎತ್ತುವಂತಿಲ್ಲ. ಕಂಬಳಿ ಮೈಯಿಂದ ಇಳಿಸಿದರೆ ಪಾಳಿ ಬಿಟ್ಟ ಹಾಗೆ, ಅದನ್ನು ಯಾರು ಎತ್ತಿ ಹೊದ್ದರೂ ಪಾಳಿ ಅವರದು.

ಮೂರು ಮಳೆಗಾಲದ ಹಿಂದೆ ಒಂದು ದಿನ ನನ್ನ ಗಂಡ ಕಂಬಳಿ ಹೊತ್ತು ನಿಂತಿದ್ದ. ಮೇಲಿನ ತಿರುವಿನಿಂದ ಹುಲುಗಣ್ಣ ಕೂಗಿದ, ತನ್ನ ಕುರಿಗಳು ಕೆಸರಿನಲ್ಲಿ ಸಿಕ್ಕಿವೆ ಅಂತ. ಕುರಿ ಸಾಯುತ್ತವೆ ಅಂದರೆ ಕುರುಬನ ಕಾಲು ನಿಲ್ಲುತ್ತದೆಯೇ? ಇವನು ಓಡಿದ. ತಿರುವಿನಲ್ಲಿ ಕುರಿಯೂ ಇಲ್ಲ, ಹುಲುಗಣ್ಣನೂ ಇಲ್ಲ. ವಾಪಸು ಬರುವಷ್ಟರಲ್ಲಿ ಮಡು ಬೆಳ್ಳಗಾಗಿತ್ತು. ಬ್ಲೀಚಿಂಗ್ ಪೌಡರು. ಬಸಿರು ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಮಾರನೆಯ ದಿನ ಒಂದು ನೀರುನಾಯಿ, ಪಕ್ಕದಲ್ಲಿ ಅದರ ಮರಿ, ಬಂಡೆಯ ಮೇಲೆ ಸತ್ತು ಬಿದ್ದಿದ್ದವು.

ಊರ ಪಂಚಾಯಿತಿ ಸೇರುವ ಕಟ್ಟೆಯ ಮೇಲೆ ನನ್ನ ಗಂಡ ಇದ್ದದ್ದನ್ನು ಇದ್ದ ಹಾಗೆ ಹೇಳಿದ. "ನಾ ಕರದೇ ಇಲ್ಲ," ಅಂದ ಹುಲುಗಣ್ಣ, ಶಾಂತವಾಗಿ. ಪೂಜಾರಿಯ ಮಾತು ಗೆದ್ದಿತು, ಇವನದು ಬಿತ್ತು. ನಮ್ಮ ಮನೆಯ ಪಾಳಿ ತೆಗೆದು ಕಂಬಳಿ ಕಿತ್ತುಕೊಂಡರು. ಕಿತ್ತುಕೊಂಡ ಕೈಯೂ ಹುಲುಗಣ್ಣನದೇ.

ಆಮೇಲೆ ಜಂಬಯ್ಯ ಹಳ್ಳದ ಕಡೆ ಮುಖ ಹಾಕಲಿಲ್ಲ. ಕುರಿಗಳಿಗೆ ನೀರು ಕುಡಿಸಲು ಕೆರೆಯ ದೂರದ ದಾರಿ ಹಿಡಿದ. ನೀರುನಾಯಿಯ ಹೆಜ್ಜೆ ನೋಡಿ ಅದು ಬಸಿರೋ ಬಾಣಂತಿಯೋ ಹೇಳುತ್ತಿದ್ದ ಮನುಷ್ಯ, ಬೈಯಲೂ ಇಲ್ಲ, ಅಳಲೂ ಇಲ್ಲ. ಅವನ ಪಾಲಿನ ಸಿಟ್ಟನ್ನೂ ನಾನೇ ಹೊತ್ತೆ.

ಆ ಚಳಿಗಾಲ ಮಡುವಿಗೆ ಕೊಕ್ಕರೆ ಬರಲಿಲ್ಲ, ಮಿಂಚುಳ್ಳಿಯೂ ಇಲ್ಲ. ಮುಂದಿನ ಮಳೆಗೆ ಏರಿದ ಮೀನು ಬೆರಳೆಣಿಕೆಯಷ್ಟು. ಊರವರು ಮಡುವನ್ನು ಕೈ ಬಿಡಲಿಲ್ಲ. ಬೇಸಿಗೆಯಲ್ಲಿ ಹೂಳೆತ್ತಿದರು, ಮಡುವಿಗೆ ಪೈಪು ಇಳಿಸಿದವರ ಮೋಟರು ಕಿತ್ತರು, ಕುರಿಗಳನ್ನು ದಂಡೆಯ ಹುಲ್ಲಿನಿಂದ ದೂರ ಇಟ್ಟರು. ಈ ಬೇಸಿಗೆಯಲ್ಲಿ ಹಸಿ ಮರಳಿನ ಮೇಲೆ ಮತ್ತೆ ನೀರುನಾಯಿಯ ಹೆಜ್ಜೆ ಕಂಡಿತು. ಹೆಂಗಸರೆಲ್ಲ ಹಿಗ್ಗಿದರು. ನನಗೆ ಬಂದ ಯೋಚನೆಯೇ ಬೇರೆ: ಹುಲುಗಣ್ಣನ ಪಾಳಿಯಲ್ಲಿ ಕೊಲ್ಲುವುದಕ್ಕೆ ಮಡುವಿನಲ್ಲಿ ಈಗ ಜೀವ ಇದೆ.

ಹಡಗಲಿ ಸಂತೆಯಿಂದ ಒಂದು ಚೀಲ ಬ್ಲೀಚಿಂಗ್ ಪೌಡರು ತಂದು ಮೇವಿನ ಬುಟ್ಟಿಯಲ್ಲಿ ಬಚ್ಚಿಟ್ಟೆ. ಮಿರಗ ಹಿಡಿಯಿತು. ಮೇಲೆ ಎಲ್ಲೋ ಸುರಿದ ಮಳೆಗೆ ಹಳ್ಳ ಬಂತು, ನಮ್ಮ ಹೊಲಗಳು ಮಾತ್ರ ಒಣಗಿಯೇ ಇದ್ದವು. ಹುಲುಗಣ್ಣನ ಪಾಳಿಯ ದಿನ ಮಧ್ಯಾಹ್ನ ಬುಟ್ಟಿ ಹೊತ್ತು ಜಾಲಿ ಮರೆಯಲ್ಲಿ ಕೂತೆ. ಮೀನುಗಳು ಬಂಡೆಯ ಸಂದಿನಲ್ಲಿ ಎಗರಿ ಎಗರಿ ಏರುತ್ತಿದ್ದವು.

ತ್ರೀಫೇಸ್ ಕರೆಂಟು ಬಂದದ್ದು ಸುತ್ತಲಿನ ಮೋಟರುಗಳ ಸದ್ದಿನಿಂದಲೇ ತಿಳಿಯಿತು. ಹುಲುಗಣ್ಣ ಎದ್ದ. ಅವನ ಕಬ್ಬಿಗೆ ನೀರು ಬೇಕಲ್ಲ. ಸೆಕೆಗೆ ಭಾರವಾಗಿದ್ದ ಕಂಬಳಿಯನ್ನು ಜಾಲಿಯ ಕೊಂಬೆಗೆ ಹಾಕಿ, ಬೆತ್ತ ಒರಗಿಸಿ, ಹೊಲದ ಕಡೆ ನಡೆದ.

ಚೀಲದ ಬಾಯಿ ಬಿಚ್ಚಿದ್ದೆ. ಆಗ ಕಂಬಳಿ ಕಣ್ಣಿಗೆ ಬಿತ್ತು. ಮೀನಿನ ಮೇಲೆ ನನಗೆ ಕರುಣೆ ಬಂತು ಎಂದು ಯಾರೂ ತಿಳಿಯಬೇಡಿ. ಮಡು ಸತ್ತರೆ ಅವನ ಮಾನ ಹೋಗುತ್ತಿತ್ತು, ಅಷ್ಟೆ. ಕಂಬಳಿ ಹೊದ್ದರೆ ಅವನು ನನ್ನ ಕಾಲಬುಡಕ್ಕೆ ಬರುತ್ತಾನೆ, ಬೆತ್ತವೂ ಕೈಯಲ್ಲಿರುತ್ತದೆ. ನನಗೆ ಅದು ಹೆಚ್ಚು ರುಚಿಯಾಗಿ ಕಂಡಿತು. ಚೀಲ ಬುಟ್ಟಿಯಲ್ಲಿಟ್ಟು ಕಂಬಳಿ ಹೊದ್ದೆ.

ಅವನು ಬಂದ. ನನ್ನನ್ನು ನೋಡಿ ನಿಂತ.

"ಕಂಬಳಿ ಇಳಸು, ಪಕ್ಕೀರವ್ವ. ಕರೆಂಟ್ ಬಂದಿತ್ತು, ಮೋಟ್ರು ಹಾಕಿ ಬರಾಕ ಹೋಗಿದ್ದೆ."

"ನನ್ನ ಗಂಡನೂ ಅವತ್ತು ನಿನ್ನ ಕುರಿ ಎತ್ತಾಕ ಹೋಗಿದ್ದ." ಮಾವನಿಗೆ ನಾನು ಬಹುವಚನ ಬಿಟ್ಟದ್ದು ಅದೇ ಮೊದಲು.

ಅವನು ಸುತ್ತ ನೋಡಿದ. ಯಾರೂ ಇರಲಿಲ್ಲ. ಧ್ವನಿ ಇಳಿಸಿದ. "ಅವತ್ತು ಮಗಳ್ನ ನೋಡಾಕ ಬೀಗರು ಬರಾಕತ್ತಿದ್ರು. ಒಂದು ಬುಟ್ಟಿ ಮೀನ ಆದ್ರ ಸಾಕಂತ ಪೌಡ್ರು ಹಾಕಿದ್ದೆ. ಮಡೂನ ಸಾಯ್ತೈತಿ ಅಂತ ನನಗೇನ ಗೊತ್ತು? ಆಗಿದ್ದು ಆಗಿಹೋತು, ಕೊಡವ್ವ."

"ಇದನ್ನ ಕಟ್ಟಿ ಮ್ಯಾಲೆ ಹೇಳು. ಕೊಡ್ತೀನಿ."

ಅವನ ಕಣ್ಣು ನನ್ನ ಬುಟ್ಟಿಯ ಮೇಲೆ ಬಿತ್ತು. ವಾಸನೆ ಅವನಿಗೆ ಗೊತ್ತಿರುವುದೇ. ಒಂದೇ ಹೆಜ್ಜೆಗೆ ಚೀಲ ಎತ್ತಿಕೊಂಡ, ನಕ್ಕ. "ಓಹೋ. ಈಗ ಪಾಳಿ ಯಾರ್ದು? ನಿಂದಲ್ಲ? ನಿನ್ನ ಪಾಳಿಯಾಗೂ ಮಡು ಸತ್ರ ಗಂಡ ಹೆಂಡ್ತಿ ಇಬ್ರೂ ಊರು ಬಿಡಬೇಕಾಗ್ತೈತಿ."

ಅವನ ಕೈಗೆ ವಿಷ ತಂದುಕೊಟ್ಟವಳು ನಾನೇ. ಅವನು ನೀರಿನ ಕಡೆ ಓಡಿದ. ನಾನು ಅಡ್ಡ ನುಗ್ಗಿ ಬೆತ್ತ ಬೀಸಿದೆ. ಮೊದಲ ಏಟು ಕೈಗೆ. ಚೀಲ ಬಂಡೆಯ ಮೇಲೆ ಬಿತ್ತು, ಪುಡಿ ಅವನ ಮೈಮೇಲೆಲ್ಲ ಚೆಲ್ಲಿತು, ನೀರಿಗೆ ಬೀಳಲಿಲ್ಲ. ಚೀಲ ಬಿದ್ದ ಮೇಲೂ ಹೊಡೆದೆ. ಒಂದೇಟು ಗಂಡನ ಲೆಕ್ಕದ್ದು, ಒಂದು ನೀರುನಾಯಿಯ ಮರಿಯದು, ಒಂದು ಕೆರೆಯ ದೂರದ ದಾರಿಯದು. ಅವನು ಕೈ ಎತ್ತಿದ, ಕಂಬಳಿ ನೋಡಿ ಇಳಿಸಿದ. ಸುಳ್ಳೇಕೆ, ಅಷ್ಟು ಸುಖ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಅವನ ಕೂಗಿಗೆ ಹೊಲದಲ್ಲಿದ್ದವರು ಓಡಿ ಬಂದರು. ಮುಂದಿನ ಪಾಳಿಯ ಭೀಮರಾಜ ಎಲ್ಲರಿಗಿಂತ ಮುಂದೆ.

"ಚೀಲ ಆಕೀದು," ಅಂದ ಹುಲುಗಣ್ಣ. "ಮೈಲಾರಲಿಂಗನ ಆಣಿ, ಆಕೀನ ತಂದಿದ್ದು."

ಭೀಮರಾಜ ಅವನ ಬೆಳ್ಳಗಾದ ಕೈ ನೋಡಿದ, ನನ್ನ ಹೆಗಲ ಕಂಬಳಿ ನೋಡಿದ. "ಕಂಬಳಿ ಬಿಚ್ಚಿ ಪೌಡ್ರು ಹಿಡಕೊಂಡು ನಿಂತೀರಿ. ಮ್ಯಾಲೆ ದೇವರ ಆಣಿ ಬ್ಯಾರೆ. ಜಂಬಯ್ಯನ ಪಾಳಿಯಾಗೂ ನೀವ ಹಾಕಿದ್ರೇನ್ರಿ?"

ಕಂಬಳಿ ಬೆತ್ತ ಭೀಮರಾಜನಿಗೆ ಒಪ್ಪಿಸಿದೆ. ಸಂಜೆ ಕಟ್ಟೆಯ ಮೇಲೆ ಹುಲುಗಣ್ಣ ಚೀಲ ತಂದವಳು ನಾನೆಂಬ ನಿಜ ಹೇಳಿದ. ಅತ್ತ. ನನ್ನ ಕಡೆ ಕೈ ಮುಗಿದು, "ನೀ ಆದ್ರೂ ಹೇಳವ್ವ," ಅಂದ. ಒಬ್ಬರೂ ನಂಬಲಿಲ್ಲ. ಅವತ್ತು ನನ್ನ ಗಂಡ ನಿಂತ ಜಾಗದಲ್ಲೇ ಅವನು ನಿಂತಿದ್ದ. ನಾನು ಸೆರಗು ಹೊದ್ದು ಸುಮ್ಮನೆ ಕೂತೆ. ಅವನ ಮನೆಯಿಂದ ಪಾಳಿ ಹೋಯಿತು, ಗುಡಿಯ ಕೀಲಿಕೈಯೂ ಹೋಯಿತು. ಮಾರನೆಯ ಬೆಳಗಿನ ಪಾಳಿ ಜಂಬಯ್ಯನಿಗೆ ಎಂದು ಹೇಳಿ, ಗುಡಿಯ ಇನ್ನೊಂದು ಕಂಬಳಿಯನ್ನು ಅವನ ಹೆಗಲ ಮೇಲೆ ಹೊದಿಸಿದರು. ಅವನು ಅದರ ಅಂಚನ್ನು ಎದೆಯ ಮೇಲೆ ಎಳೆದುಕೊಂಡ.

ಮನೆಗೆ ಬಂದು ಕೈಗೆ ನೀರು ಹಾಕಿಸಿಕೊಳ್ಳುವಾಗ ಅವನು ನನ್ನ ಮಣಿಕಟ್ಟು ಹಿಡಿದ. ಕೈಯನ್ನು ಮೂಗಿಗೆ ಹಿಡಿದು ಮೂಸಿದ. ನನ್ನ ಬೆರಳ ಸಂದುಗಳಲ್ಲಿ ಇನ್ನೂ ಅದೇ ವಾಸನೆ.

"ಚೀಲ ಯಾರ್ದು?"

"ಅವಂದ."

ಅವನು ನನ್ನ ಕೈಗೆ ಬೂದಿ ಹಚ್ಚಿ ತಿಕ್ಕಿದ. ಬಹಳ ಹೊತ್ತು ತಿಕ್ಕಿದ. ಆಮೇಲೆ ಹೇಳಿದ, "ನಾಳೆ ನೀ ಹಳ್ಳಕ್ಕ ಬರಬ್ಯಾಡ."

"ಬುತ್ತಿ?"

"ಬ್ಯಾಡ."

ಬೆಳಗಾದ ಮೇಲೆ ತಡೆಯಲಿಲ್ಲ ನನ್ನ ಮನಸ್ಸು. ಅವನಿಗಾಗಿಯೇ ಅಲ್ಲವೇ ಇದೆಲ್ಲ? ರೊಟ್ಟಿ ಪಲ್ಯ ಕಟ್ಟಿಕೊಂಡು ಹೋದೆ. ಜಂಬಯ್ಯ ಕಂಬಳಿ ಹೊತ್ತು ದಂಡೆಯ ಮೇಲೆ ನೆಟ್ಟಗೆ ನಿಂತಿದ್ದ, ಮದುವೆಯಾದ ಹೊಸದರಲ್ಲಿ ನಿಲ್ಲುತ್ತಿದ್ದ ಹಾಗೆಯೇ. ಹಿಂದೆ ಮೀನು ಏರುತ್ತಿತ್ತು. ನಾನು ಜಾಲಿ ಮರ ದಾಟುತ್ತಿದ್ದಂತೆ ಅವನು ತಿರುಗಿದ, ಗಂಟು ನೋಡಿದ, ನನ್ನ ಕೈ ನೋಡಿದ. ಬೆತ್ತವನ್ನು ಎಡಗೈಯಿಂದ ಬಲಗೈಗೆ ತೆಗೆದುಕೊಂಡ.

ಗಂಟನ್ನು ಅಲ್ಲೇ ಕಲ್ಲಿನ ಮೇಲಿಟ್ಟು ನಾನು ಮನೆಯ ಕಡೆ ತಿರುಗಿದೆ.